ಮೂತಿ ಎತ್ತಿದ ದೋಣಿ

ಮಾನ್ವಿಯ ನನ್ನ ಗ್ಯಾರೇಜಿನ ಮುಂದೆ ಆ ದೋಣಿ ಬಂದು ನಿಂತಾಗ ಇಡೀ ಓಣಿ ನಕ್ಕಿತು. ನಗದೆ ಏನು ಮಾಡ್ಯಾರು? ಸುತ್ತ ಭತ್ತದ ಟ್ರ್ಯಾಕ್ಟರು, ಔಷಧ ಹೊಡೆಯುವ ಪಂಪು, ರೈಸ್ ಮಿಲ್ಲಿನಿಂದ ಬಿಚ್ಚಿ ತಂದ ಮೋಟರು. ಅವುಗಳ ನಡುವೆ ಎರಡು ಗಾಲಿಯ ಟ್ರೇಲರಿನ ಮೇಲೆ ಹದಿನೆಂಟು ಅಡಿ ಉದ್ದದ, ಹಾಯಿಕಂಬ ಮಲಗಿಸಿಕೊಂಡ ಬಿಳಿ ದೋಣಿ. ಚಹಾದಂಗಡಿಯವನು, "ಏನ್ ಮೇಸ್ತ್ರಿ, ಕಾಲುವ್ಯಾಗ ಹಡಗು ಬಿಡಾಕತ್ತೀರೇನು?" ಎಂದ. ನನಗೆ ನಗು ಬರಲಿಲ್ಲ. ದೋಣಿಯ ಜೊತೆ ಬಂದವನ ಮೊದಲ ಮಾತಿಗೇ ನನ್ನ ನೆತ್ತಿ ಕಾದಿತ್ತು.

ಅವನು ರಾಯಚೂರಿನ ಒಂದು ಸೇವಾಸಂಸ್ಥೆಯ ಸಂಯೋಜಕ. ಹೈದರಾಬಾದಿನ ಕಡೆ ಯಾವುದೋ ಕೆರೆಯಲ್ಲಿ ಶ್ರೀಮಂತರು ಹಾಯಿ ಕಟ್ಟಿ ಆಡಿಸುತ್ತಿದ್ದ ದೋಣಿಯನ್ನು ದಾನವಾಗಿ ಪಡೆದು, ದೇವದುರ್ಗದ ಕಡೆ ಕೃಷ್ಣಾ ಹೊಳೆಯ ನಡುಗಡ್ಡೆಯ ಜನರಿಗೆ ಕೊಟ್ಟಿದ್ದರು. ರಿಬ್ಬನ್ನು ಕತ್ತರಿಸಿ ಫೋಟೊ ತೆಗೆಸಿಕೊಂಡ ಮೇಲೆ, ಅದು ಓಡುವುದಿಲ್ಲ ಎಂಬುದು ಗೊತ್ತಾಗಿತ್ತು. ಗಾಳಿಯ ಭರವಸೆಯ ಮೇಲೆ ಹೊಳೆ ದಾಟಲು ಬರುವುದಿಲ್ಲ, ಹಾಗಾಗಿ ಹಿಂದೆ ಹತ್ತು ಕುದುರೆ ಶಕ್ತಿಯ ಪೆಟ್ರೋಲ್ ಎಂಜಿನ್ ತೂಗುಹಾಕಿದ್ದರು. ಮಲ್ಪೆ ಬಂದರಿನಲ್ಲಿ ಕೆಲವು ವರ್ಷ ದೋಣಿ ಎಂಜಿನ್ ಬಿಚ್ಚಿದವನು ಈ ಸೀಮೆಯಲ್ಲಿ ನಾನೊಬ್ಬನೇ ಎಂದು ಯಾರೋ ಹೇಳಿದ್ದರಂತೆ.

"ಸ್ಪೀಡ್ ಇಲ್ರಿ ಇದಕ. ಇಪ್ಪತ್ತೈದರ ಎಂಜಿನ್ ಕೂಡ್ಸಿಬಿಡ್ರಿ, ಮುಗೀತು," ಎಂದ ಸಂಯೋಜಕ.

"ಅಷ್ಟು ದೊಡ್ಡದು ಕೂಡ್ಸಿದ್ರ ಹಿಂದಿನ ಹಲಗಿ ಸೀಳತದ. ಸ್ಪೀಡೂ ಬರಂಗಿಲ್ಲ," ಎಂದೆ.

"ದೊಡ್ಡ ಎಂಜಿನ್ ಅಂದ್ರ ದೊಡ್ಡ ಸ್ಪೀಡ್. ಇದರಾಗ ತಿಳಕೊಳ್ಳೋದು ಏನದ?"

ಅದೇ. ತಿಳಿದುಕೊಳ್ಳುವುದು ಏನೂ ಇಲ್ಲ ಎಂದು ನಂಬಿದ ಮನುಷ್ಯನ ಜೊತೆ ಜಗಳವಾಡುವುದಕ್ಕಿಂತ ಗೋಡೆಗೆ ಹಣೆ ಚಚ್ಚಿಕೊಳ್ಳುವುದು ಮೇಲು. ಹಾಯಿ ದೋಣಿಯ ಹೊಟ್ಟೆ ದುಂಡಗೆ ಇರುತ್ತದೆ. ಅದು ನೀರನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ನೀರಿನ ಮೇಲೆ ಜಾರುವುದಿಲ್ಲ. ಅದರ ಉದ್ದಕ್ಕೆ ತಕ್ಕಂತೆ ವೇಗಕ್ಕೊಂದು ಮಿತಿ ಇದೆ. ಈ ದೋಣಿಗೆ ಅದು ಗಂಟೆಗೆ ಸುಮಾರು ಹತ್ತು ಕಿಲೋಮೀಟರು. ಅಲ್ಲಿಗೆ ಬಂದಾಗ ದೋಣಿ ತಾನೇ ಎಬ್ಬಿಸಿದ ಅಲೆಯ ತಗ್ಗಿನಲ್ಲಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಕುದುರೆ ಕಟ್ಟಿದರೂ ಹಿಂಭಾಗ ಮುಳುಗಿ ಮೂತಿ ಮೇಲೇಳುತ್ತದೆ, ಅಷ್ಟೇ. ಆದರೆ ಈ ದೋಣಿ ಆ ಮಿತಿಯ ಹತ್ತಿರಕ್ಕೂ ಬಂದಿರಲಿಲ್ಲ. ಅಂದರೆ ರೋಗ ಬೇರೆ ಎಲ್ಲೋ ಇತ್ತು. ಹುಡುಕುತ್ತೇನೆ ಎಂದೆ. ಅವನು ಮುಖ ಗಂಟು ಹಾಕಿಕೊಂಡು ಹದಿನೈದು ದಿನ ಕೊಟ್ಟ.

ಹದಿನೈದು ದಿನಕ್ಕಿಂತ ಹೆಚ್ಚು ನಮಗೂ ಇರಲಿಲ್ಲ. ಮೇಲಿನ ಅಣೆಕಟ್ಟೆಯಿಂದ ಯಾವಾಗ ಬೇಕಾದರೂ ನೀರು ಬಿಡುವ ಕಾಲ. ಮತ್ತು ಆ ನಡುಗಡ್ಡೆಯಲ್ಲಿ ಅಂಗನವಾಡಿಯ ಅಕ್ಕೋರು ಇದ್ದರು.

ಅವರನ್ನು ನಾನು ಮೊದಲು ನೋಡಿದ್ದು ದೇವದುರ್ಗದ ಕಡೆಯ ದಂಡೆಯಲ್ಲಿ, ದೋಣಿಯ ಮೊದಲ ಪರೀಕ್ಷೆಯ ದಿನ. ನಲವತ್ತರ ಆಸುಪಾಸಿನ ಹೆಂಗಸು, ಎಡಗೈಯ ಮೇಲೆ ಹಗ್ಗದಂತೆ ಉಬ್ಬಿದ ನರ. ಮಂಗಳವಾರ, ಶುಕ್ರವಾರ ದೇವದುರ್ಗದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೇಸಿಗೆಯಲ್ಲಿ ಹರಗೋಲಿನಲ್ಲಿ ದಾಟಿ ಬರುತ್ತಿದ್ದರು. ಹೊಳೆ ಬಂದರೆ ಹರಗೋಲು ಬಂದ್. ಹಿಂದಿನ ವರ್ಷ ಎರಡು ಸರದಿ ತಪ್ಪಿ, ಮೈಯೆಲ್ಲ ನೀರು ತುಂಬಿ ಉಸಿರು ಸಿಗದೆ, ಕೊನೆಗೆ ರಾಯಚೂರಿಗೆ ಸಾಗಿಸಿ ಬದುಕಿಸಿದ್ದರು.

"ಹಂಗಾರ ಮಳಿಗಾಲ ಮುಗಿಯೋಮಟ ದೇವದುರ್ಗದಾಗ ಇರ್ರಿ ಅಕ್ಕೋರ," ಎಂದೆ ನಾನು, ಬುದ್ಧಿ ಹೇಳುವವನಂತೆ.

"ನಾ ಈ ಕಡಿ ಬಂದ್ರ ಅಂಗನವಾಡಿ ಕೀಲಿ ಬೀಳತದ. ಹದಿನಾಕು ಕೂಸು ಅವ. ಅವರಿಗೆ ತತ್ತಿ ಕುದಿಸಿ ಕೊಡಾಕ ನೀವು ಬರ್ತೀರೇನು?" ಎಂದರು. "ನಿಮ್ಮ ಕೆಲಸ ದೋಣಿ ಓಡಿಸೋದು. ಅದನ್ನ ಮಾಡ್ರಿ."

ನನಗೆ ಸಿಟ್ಟು ಬಂತು. ಆದರೆ ಆ ಸಿಟ್ಟಿನಲ್ಲಿ ಒಂದು ಗೌರವವೂ ಇತ್ತೆಂದು ಈಗ ಅನಿಸುತ್ತದೆ.

ಲೆಕ್ಕ ಸರಳವಾಗಿತ್ತು. ನೀರು ಬಿಟ್ಟ ಮೊದಲ ವಾರಗಳಲ್ಲಿ ಹೊಳೆ ಗಂಟೆಗೆ ಐದು, ಆರು ಕಿಲೋಮೀಟರು ಹರಿಯುತ್ತದೆ. ದಾಟುವ ಜಾಗದ ಕೆಳಗಡೆ ಬಂಡೆಗಳ ಸಾಲು. ದೋಣಿ ಒಂಬತ್ತರ ಹತ್ತಿರ ಓಡಿದರೆ ಸೆಳವಿಗೆ ಓರೆಯಾಗಿ ಮೂತಿ ಕೊಟ್ಟು ಆ ದಂಡೆ ಸೇರಬಹುದು. ಪೂರ್ತಿ ಮಹಾಪೂರ ಬಂದಾಗ ಯಾರೂ ದೋಣಿ ಇಳಿಸಬಾರದು, ಅದು ಬೇರೆ ಮಾತು. ಮೊದಲ ಪರೀಕ್ಷೆಯಲ್ಲಿ ನಿಂತ ನೀರಿನ ಮಡುವಿನಲ್ಲಿ ಫೋನು ಹಿಡಿದು ಅಳೆದೆ. ಐದೂವರೆ. ಬಂಡೆಗಳನ್ನು ಅಪ್ಪಿಕೊಳ್ಳಲು ಅಷ್ಟು ಸಾಕು.

ದೋಣಿಯನ್ನು ಮತ್ತೆ ಟ್ರೇಲರಿಗೆ ಹತ್ತಿಸಿ, ಸಿರವಾರದ ಮೇಲೆ ಎಳೆದುಕೊಂಡು ಬಂದು, ಗ್ಯಾರೇಜಿನಲ್ಲಿ ಮಗುಚಿ ಹಾಕಿದೆ. ತಳ ನೋಡಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಫೋಟೊದಲ್ಲಿ ಹೊಳೆಯಲಿ ಎಂದು ಹಳೆಯ ಪಾಚಿ, ಹೊಪ್ಪಳೆಗಳ ಮೇಲೆಯೇ ಗೋಡೆಗೆ ಬಳಿಯುವ ಎಣ್ಣೆಬಣ್ಣ ಮೂರು ಸುತ್ತು ಬಳಿದಿದ್ದರು. ತಳವೆಲ್ಲ ಜಾಲಿಮರದ ತೊಗಟೆಯಂತಾಗಿತ್ತು. ಹಾಯಿ ದೋಣಿ ಅಡ್ಡಗಾಳಿಗೆ ಜಾರದಿರಲೆಂದು ಹೊಟ್ಟೆಯ ನಡುವಿನ ಸೀಳಿನಿಂದ ಒಂದು ಕಬ್ಬಿಣದ ಹಲಗೆ ಕೆಳಗಿಳಿಯುತ್ತದೆ. ಎಂಜಿನ್ ಮೇಲೆ ಓಡಿಸುವಾಗ ಅದನ್ನು ಮೇಲೆತ್ತಬೇಕು. ಎತ್ತುವ ತಂತಿ ತುಕ್ಕು ಹಿಡಿದು ತುಂಡಾಗಿತ್ತು, ಸೀಳಿನಲ್ಲಿ ಗರಸು ಸಿಕ್ಕಿ ಹಲಗೆ ಅರ್ಧಕ್ಕೆ ಕಚ್ಚಿಕೊಂಡಿತ್ತು. ಅಂದರೆ ಇಷ್ಟು ದಿನ ಈ ದೋಣಿ ಕುಂಟೆ ಇಳಿಸಿಕೊಂಡು ಹೊಳೆಯಲ್ಲಿ ಓಡಾಡಿತ್ತು! ಯಾರೂ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ನಾಲ್ಕು ದಿನ ತಳ ಕೆರೆದೆ. ಹಲಗೆಯನ್ನು ಬಿಡಿಸಿ ಮೇಲೆತ್ತಿ ಹೊಸ ತಂತಿ ಹಾಕಿದೆ, ಸೀಳಿನ ಬಾಯಿಗೆ ರಬ್ಬರಿನ ಪಟ್ಟಿ ಕೂರಿಸಿದೆ. ಹಾಯಿಕಂಬ, ಅದರ ತಂತಿಗಳು, ಹಾಯಿಯ ಮೂಟೆ ಎಲ್ಲವನ್ನೂ ಬಿಚ್ಚಿ ಗೋಡೆಗೆ ಒರಗಿಸಿದೆ. ಬರೀ ಎಂಜಿನ್ ಮೇಲೆ ಓಡುವ ದೋಣಿಗೆ ಅದು ಗಾಳಿಗೆ ಅಡ್ಡ ನಿಲ್ಲುವ ಭಾರವಷ್ಟೇ. ಇದನ್ನು ಕೇಳಿ ಸಂಯೋಜಕ ಫೋನಿನಲ್ಲಿ ಕೂಗಾಡಿದ.

"ಕಂಬದ ಮ್ಯಾಗ ನಮ್ಮ ಸಂಸ್ಥೆ ಬಾವುಟ ಇತ್ತಲ್ರಿ!"

"ಬಾವುಟ ದಂಡ್ಯಾಗ ನಿಲ್ಲಿಸ್ರಿ ಸರ್, ಅಲ್ಲೇ ಚಲೋ ಕಾಣ್ತದ," ಎಂದು ಫೋನಿಟ್ಟೆ.

ಆಮೇಲೆ ನೀರಿನಲ್ಲಿ ತಿರುಗಿ ದೋಣಿಯನ್ನು ನೂಕುವ ಪಂಖ. ಎಂಜಿನ್ನಿಗೆ ಪೂರ್ತಿ ರೇಸ್ ಕೊಟ್ಟರೂ ಗೊರಗೊರ ಎನ್ನುತ್ತಿತ್ತೇ ಹೊರತು ಏರುತ್ತಿರಲಿಲ್ಲ. ಸುತ್ತು ಎಣಿಸುವ ಯಂತ್ರ ಹಿಡಿದರೆ, ಐದು ಸಾವಿರದ ಮೇಲೆ ತಿರುಗಬೇಕಾದದ್ದು ಮೂರೂವರೆ ಸಾವಿರಕ್ಕೆ ನಿಲ್ಲುತ್ತಿತ್ತು. ಪಂಖದ ಎಲೆಗಳ ತಿರುಚು ಹೆಚ್ಚಿತ್ತು. ಅದು ಹಗುರವಾದ, ಓಟದ ದೋಣಿಯ ಪಂಖ. ಭಾರದ ದೋಣಿಗೆ ಹಾಕಿದರೆ ಮೇಲಿನ ಗೇರಿನಲ್ಲಿ ದಿಬ್ಬ ಹತ್ತುವ ಟ್ರ್ಯಾಕ್ಟರಿನ ಪಾಡು. ಮಲ್ಪೆಯ ಹಳೆಯ ಗೆಳೆಯನಿಗೆ ಹೇಳಿ, ಅಗಲ ಹೆಚ್ಚು ತಿರುಚು ಕಡಿಮೆ ಇರುವ ಪಂಖವನ್ನು ಬಸ್ಸಿನ ಪಾರ್ಸೆಲ್ಲಿನಲ್ಲಿ ತರಿಸಿದೆ. ಎಂಜಿನ್ ಮೇಲಾಗಿ ಕೂತಿತ್ತು, ಪಂಖ ಆಗಾಗ ಗಾಳಿ ಕುಡಿಯುತ್ತಿತ್ತು. ಕಲ್ಲೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಎಂಜಿನ್ ತೂಗುಹಾಕಿದ ಕೊಂಡಿಯನ್ನು ಕತ್ತರಿಸಿ ಮೂರು ಇಂಚು ಕೆಳಗಿಳಿಸಿದೆ. ಪೆಟ್ರೋಲ್ ಡಬ್ಬಿಯನ್ನು ಹಿಂದಿನಿಂದ ನಡುವಿಗೆ ತಂದೆ. ಎಂಜಿನ್ನಿನ ಹಿಡಿಕೆಗೆ ಎರಡು ಅಡಿ ಪೈಪು ಜೋಡಿಸಿ, ನಡೆಸುವವನು ಒಂದಿಷ್ಟು ಮುಂದೆ ಕೂರುವಂತೆ ಮಾಡಿದೆ.

ಹನ್ನೆರಡನೆಯ ದಿನ ಮತ್ತೆ ಹೊಳೆಗೆ ಇಳಿಸಿ, ಎಂಟು ಜನರ ತೂಕಕ್ಕೆ ಸರಿಯಾಗಿ ಮರಳಿನ ಚೀಲ ಹೇರಿ ಓಡಿಸಿದೆ. ಒಂಬತ್ತು ಮುಟ್ಟಿತು. ಮೇಲಕ್ಕೂ ಕೆಳಕ್ಕೂ ಮೂರು ಸಲ ಓಡಿಸಿ ಅಳೆದೆ. ಮೂರೂ ಸಲ ಒಂಬತ್ತು. ದಂಡೆಯಲ್ಲಿ ನಿಂತಿದ್ದ ಅಂಬಿಗ ಮುದುಕನಿಗೆ ಹಿಡಿಕೆ ಒಪ್ಪಿಸಿ, ಎದೆ ಉಬ್ಬಿಸಿಕೊಂಡು ಮಾನ್ವಿಗೆ ಬಂದೆ.

ಮೂರು ದಿನಕ್ಕೆ ಫೋನು. ಸಂಯೋಜಕ.

"ಏನ್ರಿ ಮೇಸ್ತ್ರಿ, ಆರೂ ಬರವಲ್ದಂತ. ಏನ್ ಮಾಡಿ ಕೊಟ್ರಿ ನೀವು? ಇಪ್ಪತ್ತೈದರ ಎಂಜಿನ್ ಆರ್ಡರ್ ಹಾಕೀನಿ. ಸೋಮವಾರ ಬರತದ."

ನನ್ನ ಮೈ ಉರಿದುಹೋಯಿತು. ಮೂರು ಸಲ ಅಳೆದ ದೋಣಿ! ಶುಕ್ರವಾರ ಬೆಳಿಗ್ಗೆ ಬೈಕು ಹತ್ತಿ ದೇವದುರ್ಗ ದಾಟಿ ದಂಡೆಗೆ ಹೋದೆ. ದಾರಿಯುದ್ದಕ್ಕೂ ಯಾರ ತಪ್ಪು, ಯಾರ ತಪ್ಪು ಎಂದೇ ಯೋಚಿಸುತ್ತ, ಹೊಳೆ ಮುಟ್ಟುವ ಹೊತ್ತಿಗೆ ತಪ್ಪಿತಸ್ಥನನ್ನು ಹುಡುಕಿಬಿಟ್ಟಿದ್ದೆ.

ಅಂಬಿಗನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಹುಟ್ಟಿದಾಗಿನಿಂದ ಹರಗೋಲು ಹಾಕಿದವನು. ನಾನು ನಮಸ್ಕಾರ ಕೂಡ ಹೇಳಲಿಲ್ಲ.

"ಪೆಟ್ರೋಲಿನ್ಯಾಗ ಸೀಮೆಎಣ್ಣಿ ಬೆರಸಾಕತ್ತೀ ಏನು?" ಎಂದು ಎಲ್ಲರ ಮುಂದೆ ಕೇಳಿದೆ. "ಎಂಜಿನ್ ಉಸಿರು ಕಟ್ಟಿ ಸಾಯಾಕತ್ತದ. ಉಳಿದ ಪೆಟ್ರೋಲ್ ಎಲ್ಲಿ ಹೊಂಟದ?"

ಮುದುಕ ನನ್ನನ್ನೇ ನೋಡಿದ. ಡಬ್ಬಿಯನ್ನು ಎತ್ತಿ ತಂದು ನನ್ನ ಕಾಲ ಬಳಿ ಇಟ್ಟು, ಹಿಂದೆ ಸರಿದು ನಿಂತ. ನಾನು ಮುಚ್ಚಳ ತೆಗೆದು ಮೂಸಿದೆ. ಅಚ್ಚ ಪೆಟ್ರೋಲ್. ಬೆರಳಿಗೆ ಹಚ್ಚಿ ನೋಡಿದೆ, ಜಿಡ್ಡೂ ಇಲ್ಲ. ತಪ್ಪಾಯಿತು ಎನ್ನಬೇಕಿತ್ತು. ಅನ್ನಲಿಲ್ಲ. ಮುಚ್ಚಳ ಬಿಗಿದು, ಪಂಖ ನೋಡುವ ನೆವದಲ್ಲಿ ಮುಖ ತಿರುಗಿಸಿದೆ. ಆ ಗಳಿಗೆಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎಂಜಿನ್ ಸರಿ ಇತ್ತು, ಪಂಖ ಸರಿ ಇತ್ತು, ತಳ ನುಣುಪಾಗಿಯೇ ಇತ್ತು. ನಾನೂ ಜನರ ಜೊತೆ ದೋಣಿ ಹತ್ತಿ ನಡುಗಡ್ಡೆಗೆ ಹೋದೆ. ನಿಜವಾಗಿಯೂ ಆರು. ಎಂಜಿನ್ನಿಗೆ ಕಿವಿ ಕೊಟ್ಟುಕೊಂಡು ಕೂತವನಿಗೆ ಬೇರೇನೂ ಕಾಣಲಿಲ್ಲ. ನಡುಗಡ್ಡೆಯ ದಂಡೆಯಲ್ಲಿ ಅಕ್ಕೋರು ಆಸ್ಪತ್ರೆಯ ಚೀಲ ಹಿಡಿದು ನಿಂತಿದ್ದರು.

"ಎಂಜಿನ್ನಿನ ಕೂಡ ಮಾತಾಡಿದ್ದು ಸಾಕು. ಇಲ್ಲಿ ನಿಂತು ನೋಡ್ರಿ," ಎಂದು ನನ್ನನ್ನು ತಮ್ಮ ಪಕ್ಕಕ್ಕೆ ಕರೆದರು. ಹಾಲಿನ ಕ್ಯಾನು, ಏಳೆಂಟು ಜನರನ್ನು ಹತ್ತಿಸಿಕೊಂಡು ದೋಣಿ ಆ ದಂಡೆಗೆ ಹೊರಟಿತು.

ದಂಡೆಯಿಂದ ನೋಡಿದಾಗ ಕಂಡಿತು. ದೋಣಿ ಮೂತಿ ಎತ್ತಿಕೊಂಡು, ಹಿಂಭಾಗ ಮುಳುಗಿಸಿಕೊಂಡು ಹೋಗುತ್ತಿತ್ತು. ಜನರೆಲ್ಲ ಎಂಜಿನ್ನಿನ ಸುತ್ತ ಒತ್ತೊತ್ತಾಗಿ ಕೂತಿದ್ದರು. ಮುಂದಿನ ಆರು ಅಡಿ ಖಾಲಿ. ಅಲ್ಲಿ ಮುದುಕನ ಹಳೆಯ ಹುಟ್ಟು, ಅದಕ್ಕೆ ಹಚ್ಚಿದ ಅರಿಶಿನ ಕುಂಕುಮ. ನಾನು ಮರಳಿನ ಚೀಲಗಳನ್ನು ಮೂತಿಯಿಂದ ಹಿಂದಿನವರೆಗೆ ಸಮನಾಗಿ ಹಾಸಿದ್ದೆ. ಚೀಲಗಳಿಗೆ ಎಲ್ಲಿ ಕೂರಬೇಕು, ಎಲ್ಲಿ ಕೂರಬಾರದು ಎಂಬುದು ಗೊತ್ತಿರಲಿಲ್ಲ. ಜನರಿಗೆ ಗೊತ್ತಿತ್ತು.

ದೋಣಿ ಮರಳಿ ಬಂದು, ಮತ್ತೆ ಜನ ಹತ್ತಿ ಹಿಂದೆಯೇ ಕೂತ ಕೂಡಲೇ ಕೂಗಾಡಿದೆ. "ಮುಂದ ಹೋಗಿ ಕುಂದರ್ರಿ! ಎಲ್ಲಾರೂ ಹಿಂದ ಯಾಕ ಸಾಯ್ತೀರಿ?"

ಯಾರೂ ಅಲುಗಲಿಲ್ಲ. ಒಬ್ಬ ಹೆಂಗಸು ಮೆಲ್ಲಗೆ, "ಅದು ಅಂಬಿಗರ ಜಾಗ ಅಲ್ಲೇನ್ರಿ? ಅಲ್ಲಿ ಹ್ಯಾಂಗ ಕುಂದರಬೇಕು?" ಎಂದಳು.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಹುಟ್ಟಿದ ಕೇರಿಯ ಮಕ್ಕಳಿಗೆ ಎಲ್ಲಿ ಕೂರಬಾರದು ಎಂಬುದು ನಡೆಯಲು ಕಲಿಯುವ ಮೊದಲೇ ಗೊತ್ತಾಗುತ್ತಿತ್ತು. ನಮ್ಮಪ್ಪ ಚಹಾವನ್ನು ಹೊರಗೆ ನಿಂತು ಕುಡಿದವನು. ಹಾಗಾಗಿ 'ಅಲ್ಲಿ ಕೂರಬಾರದು' ಎಂಬ ಮಾತು ಕಿವಿಗೆ ಬಿದ್ದರೆ ಅದು ಯಾವ ಮಾತು, ಯಾರ ಮಾತು ಎಂದು ವಿಚಾರಿಸುವಷ್ಟು ತಾಳ್ಮೆ ನನಗೆ ಉಳಿದಿಲ್ಲ. ನಾನು ಚಪ್ಪಲಿ ಕಾಲಲ್ಲೇ ದಡದಡ ಹೋಗಿ ಮುಂದೆ ಕೂತುಬಿಟ್ಟೆ. ಮುದುಕ ಹಿಡಿಕೆ ಬಿಟ್ಟು ದೋಣಿಯಿಂದ ಇಳಿದ. ದಂಡೆಯ ಕಲ್ಲಿನ ಮೇಲೆ ಹೋಗಿ ಬೆನ್ನು ಹಾಕಿ ಕೂತ.

ಅಷ್ಟರಲ್ಲಿ ನೀರಿನ ಬಣ್ಣ ಬದಲಾಗಿತ್ತು. ಬೆಳಿಗ್ಗೆ ತಿಳಿಯಾಗಿದ್ದದ್ದು ಮಣ್ಣುಗೆಂಪಾಗಿ, ದಂಡೆಯ ಕಲ್ಲುಗಳು ಒಂದೊಂದಾಗಿ ಮುಳುಗುತ್ತಿದ್ದವು. ಮೇಲಿನಿಂದ ನೀರು ಬಿಟ್ಟಿದ್ದರು. ಸಂಯೋಜಕನಿಗೆ ಫೋನು ಮಾಡಿದೆ. "ಸೋಮವಾರತನಕ ತಡೀರಿ, ದೊಡ್ಡ ಎಂಜಿನ್ ಬರತದ," ಎಂದ. ಅಕ್ಕೋರ ಸರದಿ ಅವತ್ತೇ ಮಧ್ಯಾಹ್ನ. ಹಿಂದಿನ ಎರಡು ದಿನದಿಂದ ಅವರ ಕಾಲು ಬಾತಿದ್ದು ಚಪ್ಪಲಿ ಪಟ್ಟಿಯ ಗುರುತಿನಲ್ಲೇ ಕಾಣುತ್ತಿತ್ತು. ಸೋಮವಾರ ಎಂಬುದು ಅವರ ಪಾಲಿಗೆ ಇರಲಿಲ್ಲ.

ಮೂತಿಯಲ್ಲಿ ಮರಳಿನ ಚೀಲ ಹೇರಿ ಜನರನ್ನು ಹಿಂದೆಯೇ ಬಿಡಬಹುದಿತ್ತು. ಅದನ್ನೂ ಮಾಡಿ ನೋಡಿದೆ. ನಾಲ್ಕು ಚೀಲ ಹಾಕಿಸಿ, ನಾನೇ ಹಿಡಿಕೆ ಹಿಡಿದು ದಂಡೆಯ ಮರೆಯಲ್ಲಿ ಓಡಿಸಿದೆ. ಏಳು ಬಂತು. ಆದರೆ ಭಾರಕ್ಕೆ ದೋಣಿಯ ಅಂಚು ನೀರಿಗಿಂತ ಒಂದು ಗೇಣಿನಷ್ಟೇ ಮೇಲೆ ಉಳಿಯಿತು. ಆ ಸೆಳವಿಗೆ ಅದನ್ನು ಒಡ್ಡುವುದು ಹುಚ್ಚುತನ. ಚೀಲ ಎತ್ತಿ ಹೊರಗೆ ಎಸೆದೆ. ಮಾಡಲು ಇನ್ನೇನೂ ಉಳಿಯಲಿಲ್ಲ. ಕಲ್ಲಿನ ಮೇಲೆ ಕೂತಿದ್ದ ಮುದುಕನ ಬೆನ್ನು ನೋಡುತ್ತ ನಿಂತೆ. ಹದಿನೈದು ದಿನದಲ್ಲಿ ದೋಣಿಯ ಪ್ರತಿ ಮೊಳೆಯನ್ನೂ ಮುಟ್ಟಿ ನೋಡಿದ್ದೆ. ಅದನ್ನು ನಡೆಸುವ ಮನುಷ್ಯನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ.

ಚಪ್ಪಲಿ ಬಿಟ್ಟು ಹೋಗಿ ಅವನ ಪಕ್ಕ ಕೂತೆ. "ಯಪ್ಪಾ, ಸೀಮೆಎಣ್ಣಿ ಮಾತು ನಂದು ತಪ್ಪಾತು. ಚಪ್ಪಲಿ ಹಾಕ್ಕೊಂಡು ಹೋಗಿದ್ದೂ ತಪ್ಪಾತು," ಎಂದೆ. ಆಮೇಲೆ ಕೇಳಿದೆ. "ಮುಂದ ಯಾಕ ಕುಂದರಬಾರದು?"

ಗಾಳಿಯಲ್ಲಿ ಹುಟ್ಟು ಎಳೆಯುವಂತೆ ಕೈ ಮಾಡಿ ತೋರಿಸುತ್ತ ಹೇಳಿದ. "ಹರಗೋಲಿನ್ಯಾಗ ಅಂಬಿಗ ಮುಂದ ಮೊಣಕಾಲೂರಿ ನೀರು ತನ್ನ ಕಡಿ ಎಳಕೋತಾನ. ಮುಂದ ಮಂದಿ ಕುಂತ್ರ ಹುಟ್ಟು ಆಡಂಗಿಲ್ಲ, ನೀರು ಕಾಣಂಗಿಲ್ಲ. ನಮ್ಮಪ್ಪ ನನ್ನನ್ನೂ ಅಲ್ಲಿ ಕುಂದರಾಕ ಬಿಟ್ಟಿಲ್ಲ, ಹುಟ್ಟು ಕೈಗೆ ಕೊಡೋತನಕ. ಅದು ಯಾರನ್ನೂ ದೂರ ಇಡೋ ಜಾಗ ಅಲ್ಲ ಮೇಸ್ತ್ರಿ. ಕೆಲಸದ ಜಾಗ."

ನಾನು ಕಡ್ಡಿ ತೆಗೆದುಕೊಂಡು ಮರಳಿನಲ್ಲಿ ದೋಣಿಯ ಚಿತ್ರ ಬರೆದೆ. ಇದು ಹಿಂದಿನಿಂದ ನೂಕುವ ದೋಣಿ, ಹಿಂದೆ ಭಾರ ಬಿದ್ದರೆ ತನ್ನದೇ ಅಲೆಯ ದಿಬ್ಬ ಹತ್ತಬೇಕಾಗುತ್ತದೆ ಎಂದು, ಕೂಗಾಡದೆ, ಹೇಳಿದೆ. ಅವನು ಚಿತ್ರ ನೋಡಿದ. ನೀರು ನೋಡಿದ. ಅಕ್ಕೋರ ಕಾಲು ನೋಡಿದ.

"ಹಂಗಾರ ಇದರ ಹುಟ್ಟು ಹಿಂದ ಅದ," ಎಂದ.

"ಹೌದು ಯಪ್ಪಾ."

"ಹುಟ್ಟು ಎಲ್ಲಿ ಅದನೋ ಅಂಬಿಗನ ಜಾಗ ಅಲ್ಲಿ."

ಎದ್ದು ಹೋಗಿ ಮೂತಿಯಲ್ಲಿದ್ದ ತನ್ನ ಹಳೆಯ ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಹಿಂದೆ ತಂದು ಎಂಜಿನ್ನಿನ ಪಕ್ಕದ ಕೊಂಡಿಗೆ ಹಗ್ಗದಿಂದ ಕಟ್ಟಿದ. ಹುಟ್ಟಿನ ಕುಂಕುಮವನ್ನು ಬೆರಳಿಗೆ ಹಚ್ಚಿಕೊಂಡು ಎಂಜಿನ್ನಿನ ಮುಚ್ಚಳಕ್ಕೆ ಒಂದು ಬೊಟ್ಟು ಇಟ್ಟ. ಆಮೇಲೆ ಅಕ್ಕೋರ ಕೈ ಹಿಡಿದು ಹತ್ತಿಸಿ, "ಯವ್ವಾ, ನೀ ಮೂತ್ಯಾಗ ಕುಂದ್ರು," ಎಂದ. ಅಕ್ಕೋರು ಹೋಗಿ ಕೂತರು. ಅವರ ಹಿಂದೆ ಇಬ್ಬರು ಗಂಡಸರು. ಅವರನ್ನು ನೋಡಿ ಉಳಿದವರೂ ಮುಂದಕ್ಕೆ ಸರಿದರು. ನಾನು ನಡುವೆ, ಪೆಟ್ರೋಲ್ ಡಬ್ಬಿಯ ಪಕ್ಕ.

ದೋಣಿಯ ಮೂತಿ ಇಳಿಯಿತು. ಹಿಂದೆ ಗುಡ್ಡದಂತೆ ಏಳುತ್ತಿದ್ದ ಅಲೆ ತಗ್ಗಿ ಎರಡು ತೆಳು ಗೆರೆಯಾಯಿತು. ಎಂಜಿನ್ ಗೊರಗೊರ ಬಿಟ್ಟು ಒಂದೇ ಸ್ವರ ಹಿಡಿಯಿತು. ನಡು ಹೊಳೆಯಲ್ಲಿ ಸೆಳವು ದೋಣಿಯನ್ನು ಪಕ್ಕಕ್ಕೆ ಎಳೆದಾಗ ಬಂಡೆಗಳ ಕಡೆ ನೋಡಿದೆ. ನಾನು ಬಾಯಿ ತೆರೆಯುವ ಮೊದಲೇ ಮುದುಕ ಮೂತಿಯನ್ನು ಇನ್ನಷ್ಟು ಸೆಳವಿನ ಕಡೆ ತಿರುಗಿಸಿದ. ಫೋನು ನೋಡುವುದನ್ನು ಮರೆತೇಬಿಟ್ಟೆ. ದಂಡೆ ಮುಟ್ಟಿದಾಗ, ನಾವು ಗುರಿಯಿಟ್ಟ ಬೇವಿನ ಮರದಿಂದ ಹತ್ತು ಮಾರು ಕೆಳಗಿದ್ದೆವು, ಅಷ್ಟೇ. ಅಕ್ಕೋರು ಆಟೊ ಹತ್ತಿ ಆಸ್ಪತ್ರೆಗೆ ಹೋದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಸರದಿಗೆ ತಡವಾಗಿತ್ತು.

ಸೋಮವಾರ ಇಪ್ಪತ್ತೈದರ ಎಂಜಿನ್ ಬಂತು. ಸಂಯೋಜಕ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡ. ಮುದುಕ ಅದನ್ನು ದೋಣಿಗೆ ಕೂರಿಸಲು ಬಿಡಲಿಲ್ಲ. ಅದು ಈಗಲೂ ದಂಡೆಯ ಒಂದು ಶೆಡ್ಡಿನಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತಿದೆ, ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಆ ಮಳೆಗಾಲ ಅಕ್ಕೋರ ಒಂದು ಸರದಿಯೂ ತಪ್ಪಲಿಲ್ಲ. ನಾನು ತಿಂಗಳಿಗೊಮ್ಮೆ ಎಂಜಿನ್ ನೋಡಲು ಹೋಗುತ್ತೇನೆ. ನಡುಗಡ್ಡೆಯಿಂದ ಮರಳಲು ದೋಣಿ ಹತ್ತುವ ಮೊದಲು ಮುದುಕ ಪೆಟ್ರೋಲ್ ಡಬ್ಬಿಯನ್ನು ತಂದು, ಮುಚ್ಚಳ ತೆಗೆದು, ನನ್ನ ಮೂಗಿನ ಹತ್ತಿರ ಹಿಡಿಯುತ್ತಾನೆ.

"ಮೂಸಿ ನೋಡ್ರಿ ಮೇಸ್ತ್ರಿ."

ನಗುವುದಿಲ್ಲ ಅವನು. ಜನ ನೋಡುತ್ತಿರುತ್ತಾರೆ. ಮೂತಿಯಲ್ಲಿ ಕೂತ ಅಕ್ಕೋರು, "ಆತಿಲ್ಲೋ ನಿಮ್ಮದು? ಅಲ್ಲಿ ನನ್ನ ಮಷೀನು ಕಾಯಾಕತ್ತದ," ಎಂದು ಕೂಗುತ್ತಾರೆ. ನಾನು ಚಪ್ಪಲಿ ಬಿಟ್ಟು, ಬಗ್ಗಿ, ಎಲ್ಲರ ಮುಂದೆ ಮೂಸುತ್ತೇನೆ.